ಚಿತ್ರಕಾರ್ಡುಗಳ ಮೋಹ

— ಅಂತಿಮ ವರ್ಷದ ಬಿ.ಎ. ವಿದ್ಯಾರ್ಥಿ

ಕೂಡಿಹಾಕುವುದು ಜೀವಿಗಳ ಹುಟ್ಟುಗುಣ. ಇರುವೆ ಕಾಳನ್ನು ಕೂಡಿಹಾಕುತ್ತದೆ; ಜೇನು ತುಪ್ಪವನ್ನು ಕೂಡಿಹಾಕುತ್ತದೆ. ಆದರೆ ಅವು ಕೂಡಿಹಾಕುವುದು ಹೊಟ್ಟೆಗಾಗಿ. ತಿನ್ನಲು ಬಾರದ, ಉಡಲು ಬಾರದ, ಮಾರಹೊರಟರೆ ಕೊಳ್ಳುವವರೂ ಇಲ್ಲದ ವಸ್ತುಗಳನ್ನು ಹಗಲಿರುಳೂ ಹಂಬಲಿಸಿ ಕೂಡಿಹಾಕುವ ಕೀರ್ತಿ ಮನುಷ್ಯನಿಗೇ ಮೀಸಲು. ಒಬ್ಬನಿಗೆ ಅಂಚೆಚೀಟಿಯ ಹುಚ್ಚು. ಇನ್ನೊಬ್ಬನಿಗೆ ಹಳೆಯ ನಾಣ್ಯದ್ದು. ಮತ್ತೊಬ್ಬನಿಗೆ ಬೆಂಕಿಪೊಟ್ಟಣದ ಮೇಲಿನ ಚಿತ್ರಗಳದ್ದು. ನನಗೆ ಹಿಡಿದದ್ದು ಚಿತ್ರಕಾರ್ಡುಗಳ ಹುಚ್ಚು. ಓದುಗರು ನಗಬಾರದು. ವಿದ್ಯಾರ್ಥಿ ಮತ್ತು ಶಿಸ್ತು, ಗ್ರಾಮೋದ್ಧಾರ, ವಿಜ್ಞಾನದ ಸಾಧನೆ ಮೊದಲಾದ ಗಂಭೀರ ವಿಷಯಗಳನ್ನೆಲ್ಲ ನನ್ನ ಸಹಪಾಠಿಗಳು ಆಗಲೇ ಹಂಚಿಕೊಂಡುಬಿಟ್ಟಿದ್ದಾರೆ. ನನ್ನ ಪಾಲಿಗೆ ಉಳಿದದ್ದು ಈ ರಟ್ಟಿನ ಚೂರುಗಳು ಮಾತ್ರ.

ಚಿತ್ರಕಾರ್ಡು ಎಂದರೇನೆಂದು ತಿಳಿಯದ ಹಿರಿಯರಿಗಾಗಿ ಎರಡು ಮಾತು. ಅಂಗೈಯಲ್ಲಿ ಹಿಡಿಸುವಷ್ಟು ರಟ್ಟು. ಒಂದು ಮುಖದಲ್ಲಿ ಆಟಗಾರನ ಚಿತ್ರ, ಇನ್ನೊಂದು ಮುಖದಲ್ಲಿ ಅವನಾಡಿದ ಪಂದ್ಯಗಳೆಷ್ಟು, ಹೊಡೆದ ರನ್ನುಗಳೆಷ್ಟು, ಉರುಳಿಸಿದ ವಿಕೆಟ್ಟುಗಳೆಷ್ಟು ಎಂಬ ಲೆಕ್ಕ. ಮೂಲೆಯಲ್ಲೊಂದು ಸಂಖ್ಯೆ. ಆ ದಿನಗಳಲ್ಲಿ ಅಮೆರಿಕದ ಟಾಪ್ಸ್ ಕಂಪನಿಯವರು ಐ.ಪಿ.ಎಲ್. ಆಟಗಾರರ ಕಾರ್ಡುಗಳನ್ನು ‘ಕ್ರಿಕೆಟ್ ಅಟಾಕ್ಸ್’ ಎಂಬ ಹೆಸರಿನಲ್ಲಿ ನಮ್ಮ ದೇಶದಲ್ಲಿ ಮಾರುತ್ತಿದ್ದರು. ಮಾಗಡಿಯ ಸೀಮೆಯ ನಮ್ಮ ಹಳ್ಳಿಯ ಅಂಗಡಿಗೆ ಬರುತ್ತಿದ್ದದ್ದು ಅದರ ಬಡ ನೆಂಟ. ಯಾವ ಊರಿನ ಮುದ್ರಣವೋ ದೇವರೇ ಬಲ್ಲ. ದಾರಕ್ಕೆ ಪೋಣಿಸಿ ತೂಗುಹಾಕಿದ ಪೊಟ್ಟಣ, ಪೊಟ್ಟಣಕ್ಕೆ ಐದು ರೂಪಾಯಿ, ಒಳಗೊಂದು ಕಾರ್ಡು, ಅದರ ಜೊತೆಗೆ ಹಲ್ಲಿಗೆ ಅಂಟುವ ಒಂದು ಮಿಠಾಯಿ. ಮೂಲೆಯಲ್ಲಿ ‘೫೦ರಲ್ಲಿ ೧೭’, ‘೫೦ರಲ್ಲಿ ೪೨’ ಎಂದು ಅಚ್ಚಾಗಿರುತ್ತಿತ್ತು. ಆ ‘೫೦ರಲ್ಲಿ’ ಎಂಬ ಮಾತೇ ನಮ್ಮನ್ನು ಕೆಡಿಸಿದ್ದು. ಹದಿನೇಳನೆಯದು ಕೈಗೆ ಬಂದಾಗ ಅದು ಬಂತೆಂಬ ಸಂತೋಷಕ್ಕಿಂತ ಉಳಿದ ನಲವತ್ತೊಂಬತ್ತು ಎಲ್ಲೋ ಇವೆಯಲ್ಲಾ ಎಂಬ ಸಂಕಟವೇ ಹೆಚ್ಚು. ಇದು ೨೦೧೪ರ ಮಾತು. ಆಗ ನನಗೆ ಒಂಬತ್ತು ವರ್ಷ. ಹೊಂಗೆ ಬೀಜ, ಹುಣಸೆ ಬೀಜ ಆಯ್ದು ಮಾರಿದ ಕಾಸೆಲ್ಲ ಆ ದಾರದ ಪಾಲಾಯಿತು. ಚನ್ನಪಟ್ಟಣದ ಅರಗಿನ ಬೊಂಬೆಗಳು ದೇಶವಿದೇಶಗಳ ಮಕ್ಕಳ ಕೈಗೆ ಹೋಗುತ್ತವೆ. ಅದರ ನೆರೆಯ ತಾಲ್ಲೂಕಿನ ಮಕ್ಕಳಾದ ನಾವು ಮಾತ್ರ ರಟ್ಟಿನ ಕ್ರಿಸ್ ಗೇಲ್‌ಗಾಗಿ ಬಾಯಿ ಬಿಡುತ್ತಿದ್ದೆವು!

ಈ ಹುಚ್ಚು ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕ, ಇಂಗ್ಲೆಂಡುಗಳಲ್ಲಿ ಸಿಗರೇಟು ಮಾರುತ್ತಿದ್ದದ್ದು ತೆಳು ಕಾಗದದ ಪೊಟ್ಟಣಗಳಲ್ಲಿ. ಒಳಗಿನ ಸಿಗರೇಟು ಮುರಿಯದಿರಲೆಂದು ನಡುವೆ ಒಂದು ಗಟ್ಟಿ ರಟ್ಟನ್ನು ಇಡುತ್ತಿದ್ದರು. ಬರಿಯ ರಟ್ಟನ್ನೇಕೆ ಇಡಬೇಕು, ಅದರ ಮೇಲೊಂದು ಚಿತ್ರವನ್ನಚ್ಚಿಸಿದರೆ ವ್ಯಾಪಾರವೂ ಬೆಳೆದೀತು ಎಂದು ಯಾರಿಗೋ ಹೊಳೆಯಿತು. ಅಪ್ಪಂದಿರು ಹೊಗೆ ಬಿಟ್ಟರು, ಮಕ್ಕಳು ಕಾರ್ಡು ಕೂಡಿಟ್ಟರು. ೧೮೯೬ರಲ್ಲಿ ಇಂಗ್ಲೆಂಡಿನ ವಿಲ್ಸ್ ಕಂಪನಿ ೫೦ ಕ್ರಿಕೆಟ್ ಆಟಗಾರರ ಒಂದು ಸೆಟ್ಟನ್ನು ಹೊರಡಿಸಿತು. ಅದರಲ್ಲಿ ನಮ್ಮ ರಣಜಿತ್ ಸಿಂಹಜಿಯೂ ಒಬ್ಬ. ಅದೇ ವರ್ಷ ಆತ ಇಂಗ್ಲೆಂಡಿನ ಪರವಾಗಿ ತನ್ನ ಮೊದಲ ಟೆಸ್ಟ್ ಪಂದ್ಯವಾಡಿ, ಔಟಾಗದೆ ೧೫೪ ರನ್ ಹೊಡೆದಿದ್ದ. ಎರಡನೆಯ ಮಹಾಯುದ್ಧದಲ್ಲಿ ಕಾಗದಕ್ಕೆ ಬರ ಬಂದು, ೧೯೪೦ರಲ್ಲಿ ಇಂಗ್ಲೆಂಡಿನ ಸಿಗರೇಟು ಕಾರ್ಡುಗಳ ಕಾಲ ಮುಗಿಯಿತು. ಆದರೆ ಹುಚ್ಚು ಮುಗಿಯಲಿಲ್ಲ. ಅದು ಸಿಗರೇಟನ್ನು ಬಿಟ್ಟು ಮಿಠಾಯಿಯ ಪೊಟ್ಟಣಕ್ಕೆ ದಾಟಿಕೊಂಡಿತು.

ಇದೆಲ್ಲ ಪರದೇಶದ ಮಾತಾಯಿತು ಎನ್ನುವವರಿಗೆ ನಮ್ಮ ಮೈಸೂರನ್ನೇ ತೋರಿಸಬಹುದು. ಗಂಜೀಫಾ ಎಂಬ ಆಟದ ಎಲೆಗಳು ಮೊಗಲರ ಕಾಲದಲ್ಲಿ ಈ ದೇಶದಲ್ಲಿ ಬೇರೂರಿದವು. ಸಾಮಾನ್ಯವಾಗಿ ದುಂಡಗಿನ ಎಲೆಗಳು. ಒಂದೊಂದನ್ನೂ ಕೈಯಿಂದ ಚಿತ್ರಿಸಬೇಕು. ಮೊಗಲರ ಕಟ್ಟಿನಲ್ಲಿ ೯೬ ಎಲೆಗಳು. ದಶಾವತಾರದ ಕಟ್ಟಿನಲ್ಲಿ ೧೨೦: ಅವತಾರಕ್ಕೆ ಹನ್ನೆರಡರಂತೆ ಒಬ್ಬ ರಾಜ, ಒಬ್ಬ ಮಂತ್ರಿ, ಒಂದರಿಂದ ಹತ್ತರವರೆಗಿನ ಎಣಿಕೆಯ ಎಲೆಗಳು. ಮತ್ಸ್ಯಾವತಾರದ ಎಲೆಗಳ ಮೇಲೆ ಮೀನು, ಪರಶುರಾಮನ ಎಲೆಗಳ ಮೇಲೆ ಕೊಡಲಿ. ೧೮೬೮ರಲ್ಲಿ ತೀರಿಕೊಂಡ ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಇಷ್ಟರಿಂದ ತೃಪ್ತಿಯಾಗಲಿಲ್ಲ. ಅವರ ‘ಶ್ರೀತತ್ತ್ವನಿಧಿ’ಯ ಕೊನೆಯ ಭಾಗವಾದ ‘ಕೌತುಕನಿಧಿ’ಯಲ್ಲಿ ಹದಿಮೂರು ಬಗೆಯ ಎಲೆಯಾಟಗಳ ವಿವರವಿದೆ. ಚಿಕ್ಕದರಲ್ಲಿ ೩೬ ಎಲೆಗಳಾದರೆ ದೊಡ್ಡದರಲ್ಲಿ ೩೬೦! ಇಂದು ಮೈಸೂರಿನ ಗಂಜೀಫಾ ಎಲೆಗಳಿಗೆ, ಚನ್ನಪಟ್ಟಣದ ಬೊಂಬೆಗಳಿಗಿರುವಂತೆಯೇ, ಭೌಗೋಳಿಕ ಸೂಚಿಕೆಯ ಮನ್ನಣೆ ಇದೆ. ಆ ೩೬೦ ಎಲೆಗಳ ಸಂಗತಿ ಕಾಲೇಜಿನಲ್ಲಿ ನನಗೆ ಗೊತ್ತಾದಂದು ಅರಸರ ವಿದ್ವತ್ತಿನ ಬಗೆಗಿನ ಗೌರವ ಇಮ್ಮಡಿಯಾಯಿತು. ಜೊತೆಗೆ ‘ಇವರೂ ನಮ್ಮವರೇ’ ಎಂಬ ಸಲಿಗೆಯೂ ಮೂಡಿತೆಂದು ಹೇಳಿದರೆ ಅಪಚಾರವಾಗಲಾರದು.

ಹಾಗಾದರೆ ಅರಸನನ್ನೂ ಆಳುಮಗನನ್ನೂ ಒಂದೇ ಬಗೆಯಾಗಿ ಹಿಡಿಯುವ ಈ ಮೋಹದ ಗುಟ್ಟೇನು? ಚಿತ್ರದ ಚೆಲುವೆಂದು ಹೇಳುವಂತಿಲ್ಲ. ನನ್ನ ಕಾರ್ಡುಗಳಲ್ಲಿ ಬಣ್ಣ ಗೆರೆಯಿಂದಾಚೆಗೆ ಹರಿದು, ಆಟಗಾರನ ಮೀಸೆ ಕೆನ್ನೆಗೆ ಬಂದಿರುತ್ತಿತ್ತು. ನನಗೆ ತೋರುವ ಮಟ್ಟಿಗೆ ಗುಟ್ಟಿರುವುದು ಆ ಮೂಲೆಯ ಸಂಖ್ಯೆಯಲ್ಲಿ. ಲೋಕದಲ್ಲಿ ದೊಡ್ಡವನು ದೊಡ್ಡವನೇ, ಚಿಕ್ಕವನು ಚಿಕ್ಕವನೇ. ಸೆಟ್ಟಿನಲ್ಲಿ ಹಾಗಲ್ಲ. ಗೇಲ್ ಇಲ್ಲದ ಸೆಟ್ಟು ಎಷ್ಟು ಅಪೂರ್ಣವೋ, ಇಡೀ ವರ್ಷ ಬೆಂಚಿನ ಮೇಲೆ ಕುಳಿತು ಜೊತೆಯವರಿಗೆ ನೀರು ಹೊತ್ತ ಆಟಗಾರನಿಲ್ಲದ ಸೆಟ್ಟೂ ಅಷ್ಟೇ ಅಪೂರ್ಣ. ಮತ್ಸ್ಯಾವತಾರದ ರಾಜ ಕಳೆದರೂ ಕಟ್ಟು ಕೆಟ್ಟಿತು, ಒಂದೇ ಮೀನಿನ ಎಲೆ ಕಳೆದರೂ ಕೆಟ್ಟಿತು. ಇಷ್ಟು ನಿಷ್ಪಕ್ಷಪಾತವಾದ ಸಭೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಎರಡನೆಯ ಗುಟ್ಟು ‘ಡಬಲ್ಲು’. ಒಂದೇ ಕಾರ್ಡು ಎರಡು ಸಲ ಬಂದರೆ ನಾವು ಅದನ್ನು ಹಾಗೆ ಕರೆಯುತ್ತಿದ್ದೆವು. ಗಣಿತ ಓದುತ್ತಿರುವ ಸ್ನೇಹಿತನೊಬ್ಬ ಈಚೆಗೆ ನನಗೊಂದು ಲೆಕ್ಕ ಹಾಕಿ ತೋರಿಸಿದ. ಐವತ್ತು ಕಾರ್ಡುಗಳೂ ಸಮಸಂಖ್ಯೆಯಲ್ಲಿ ಅಚ್ಚಾಗಿದ್ದು, ಪೊಟ್ಟಣಕ್ಕೊಂದರಂತೆ ಸಿಕ್ಕುವುದಾದರೆ, ಬೇರೆಬೇರೆಯಾದ ಮೊದಲ ೨೫ ಕಾರ್ಡುಗಳು ಸರಾಸರಿ ೩೪ ಪೊಟ್ಟಣಗಳಲ್ಲಿ ಸಿಕ್ಕಿಬಿಡುತ್ತವೆ. ಅರ್ಧ ದಾರಿ ಸಲೀಸು. ಆದರೆ ಐವತ್ತೂ ಪೂರ್ತಿಯಾಗಬೇಕಾದರೆ ಸರಾಸರಿ ೨೨೫ ಪೊಟ್ಟಣಗಳು ಬೇಕು. ಕೊನೆಯ ಒಂದೇ ಒಂದು ಕಾರ್ಡಿಗಾಗಿಯೇ ೫೦ ಪೊಟ್ಟಣ! ಐದು ರೂಪಾಯಿಯಂತೆ ಒಟ್ಟು ೧,೧೨೫ ರೂಪಾಯಿ. ಸೊಪ್ಪು ಕೊಯ್ಯುವ ಅವ್ವನ ಕೂಲಿ ಆಗ ದಿನಕ್ಕೆ ನೂರೈವತ್ತು. ಎಂದರೆ ಅವಳ ಏಳೂವರೆ ದಿನದ ದುಡಿಮೆ. ಮಾರುವವನ ಲಾಭವೆಲ್ಲ ಈ ಇಳಿಜಾರಿನಲ್ಲಿದೆ. ಹುಡುಗರ ಹಂಬಲವನ್ನು ಜೂಜಿಗೆ ಹಚ್ಚುವ ವ್ಯಾಪಾರ ಇದೆಂದು ಹಿರಿಯರು ದೂರಿದರೆ ನಾನು ಎದುರಾಡಲಾರೆ.

ಆದರೆ ಈ ಲೆಕ್ಕ ಒಂಟಿಯಾಗಿ ಕೂಡಿಹಾಕುವವನದು. ೨೨೫ ಕಾರ್ಡುಗಳಲ್ಲಿ ಅವನಿಗೆ ಬೇಕಾದವು ೫೦. ಉಳಿದ ೧೭೫ ಡಬಲ್ಲುಗಳು. ನನ್ನಲ್ಲಿ ಹೆಚ್ಚಾದದ್ದು ನಿನ್ನಲ್ಲಿಲ್ಲ, ನಿನ್ನಲ್ಲಿ ಹೆಚ್ಚಾದದ್ದು ನನ್ನಲ್ಲಿಲ್ಲ ಎಂದು ತಿಳಿದ ಗಳಿಗೆಯಲ್ಲಿ ಕಂಪನಿಯ ಲೆಕ್ಕ ತಲೆಕೆಳಗಾಗುತ್ತದೆ. ಡಬಲ್ಲು ಇರುವವನು ಮನೆಯಲ್ಲಿ ಕೂರಲಾರ. ಇನ್ನೊಬ್ಬನನ್ನು ಹುಡುಕಿಕೊಂಡು ಹೋಗಲೇಬೇಕು.

ನಾನು ಹುಡುಕಿಕೊಂಡು ಹೋದದ್ದು ಊರಿನ ದೊಡ್ಡ ಮನೆಯ ಹುಡುಗನನ್ನು. ಅವನು ವ್ಯಾನಿನಲ್ಲಿ ಪೇಟೆಯ ಕಾನ್ವೆಂಟಿಗೆ ಹೋಗುತ್ತಿದ್ದ. ನಾನು ಊರಿನ ಸರ್ಕಾರಿ ಶಾಲೆಗೆ. ಅವನ ಮನೆ ಊರ ನಡುವೆ, ನಮ್ಮದು ಊರಾಚೆಯ ಕೇರಿಯಲ್ಲಿ. ಕಾರ್ಡುಗಳಿಲ್ಲದಿದ್ದರೆ ನಾವಿಬ್ಬರೂ ಹತ್ತು ಮಾತು ಆಡುವ ಸಂದರ್ಭವೇ ಇರಲಿಲ್ಲ. ಅವನ ಮನೆಯ ಜಗಲಿಯ ಕೊನೆಯ ಮೆಟ್ಟಿಲು ನನ್ನ ಗಡಿ. ಬಾಯಾರಿದಾಗ ಅವನ ಅಜ್ಜಿ ಚೆಂಬಿನಿಂದ ನನ್ನ ಬೊಗಸೆಗೆ ನೀರನ್ನು ಎತ್ತಿ ಹೊಯ್ಯುತ್ತಿದ್ದರು. ಅವರು ಕೆಟ್ಟವರಲ್ಲ. ನೀರಿನ ಜೊತೆ ಬೆಲ್ಲವನ್ನೂ ಕೊಡುತ್ತಿದ್ದರು. ಅದನ್ನೂ ಮೇಲಿನಿಂದಲೇ ಹಾಕುತ್ತಿದ್ದರು. ನೀರನ್ನು ಎತ್ತಿ ಹೊಯ್ಯಬಹುದು. ಆದರೆ ಕಾರ್ಡನ್ನು ಎತ್ತಿ ಹೊಯ್ಯಲು ಬರುವುದಿಲ್ಲ. ಅದನ್ನು ಬೆರಳಲ್ಲಿ ಹಿಡಿದು, ಮೂಲೆ ಮಡಿಚಿದೆಯೇ, ಗೀರು ಬಿದ್ದಿದೆಯೇ ಎಂದು ತಿರುಗಿಸಿ ನೋಡಿ, ಕೈಯಿಂದ ಕೈಗೇ ಕೊಡಬೇಕು. ಅದೇ ಮೆಟ್ಟಿಲಿನ ಮೇಲೆ ಪ್ರತಿ ಸಂಜೆ ನಮ್ಮಿಬ್ಬರ ಕೈಗಳು ಹತ್ತಾರು ಸಲ ತಾಗುತ್ತಿದ್ದವು. ಇದು ಯಾರ ಗಮನಕ್ಕೂ ಬರಲಿಲ್ಲ. ನಮ್ಮ ಗಮನಕ್ಕೂ ಬರಲಿಲ್ಲ.

ನನ್ನಲ್ಲಿ ಗೇಲ್ ಎರಡಿದ್ದ. ೨೦೧೩ರ ಏಪ್ರಿಲ್ ೨೩ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ೬೬ ಚೆಂಡುಗಳಿಗೆ ಔಟಾಗದೆ ೧೭೫ ಹೊಡೆದ ಗೇಲ್! ಮಾಗಡಿಯ ಸೀಮೆಯಲ್ಲಿ ಅವನಿಗಿದ್ದ ಬೆಲೆಯನ್ನು ಬೇರೆ ಹೇಳಬೇಕೆ? ಆದರೆ ನನಗೆ ೩೭ನೆಯ ಸಂಖ್ಯೆಯಿರಲಿಲ್ಲ. ಅದು ಹೆಸರೇ ಕೇಳಿರದ ಒಬ್ಬ ಬೌಲರನದು. ದೊಡ್ಡ ಮನೆಯ ಹುಡುಗನಲ್ಲಿ ಅದು ಡಬಲ್ಲು. ಗೇಲನ್ನು ಕೊಟ್ಟು ಆ ಅನಾಮಧೇಯನನ್ನು ತಂದೆ. ಐವತ್ತು ಪೂರ್ತಿಯಾಯಿತು. ನನಗೆ ಅಂದು ರಾತ್ರಿ ನಿದ್ದೆ ಬರಲಿಲ್ಲ.

ಮರುದಿನದಿಂದ ತೊಂದರೆ ಸುರುವಾಯಿತು. ಸೆಟ್ಟು ಪೂರ್ತಿಯಾದವನಿಗೆ ಇನ್ನೊಬ್ಬರ ಮನೆಯ ಮೆಟ್ಟಿಲಿನ ಮೇಲೆ ಏನು ಕೆಲಸ? ಒಂದು ವಾರ ನಾನು ಅತ್ತ ಸುಳಿಯಲಿಲ್ಲ. ಎಂಟನೆಯ ದಿನ ಅವನೇ ಶಾಲೆಯ ಬೇಲಿಯ ಬಳಿ ಬಂದು ನಿಂತ. “ಇನ್ನೊಂದು ಸೆಟ್ಟು ನಾವೇ ಮಾಡಾಣ ಕಣೋ” ಎಂದ.

ಹೀಗೆ ಹುಟ್ಟಿದ್ದು ನಮ್ಮೂರ ಸೆಟ್ಟು. ಹಳೆಯ ಮದುವೆ ಕರೆಯೋಲೆಗಳನ್ನು ಕತ್ತರಿಸಿ ಇಪ್ಪತ್ತು ಕಾರ್ಡು ಮಾಡಿದೆವು. ರಟ್ಟು ನನ್ನದು, ಬಣ್ಣದ ಪೆನ್ಸಿಲು ಅವನದು. ಅಂಚೆಯಣ್ಣ, ಅಂಗನವಾಡಿ ಟೀಚರು, ಮಾಗಡಿ ಬಸ್ಸಿನ ಕಂಡಕ್ಟರು, ಕುರಿ ಕಾಯುವ ತಾತ, ಅವನ ಅಜ್ಜಿ, ನನ್ನ ಅವ್ವ, ಹೀಗೆ ಇಪ್ಪತ್ತು ಜನ. ಕಾರ್ಡಿನ ಹಿಂದೆ ನಾಲ್ಕು ಕಲಮು: ವಯಸ್ಸು, ಬೆಳಗ್ಗೆ ಏಳುವ ಹೊತ್ತು, ಹೊರುವ ಭಾರ, ಓದಿದ ವರ್ಷ. ಅಂದಾಜಿನ ಮಾತಿಲ್ಲ. ಅವರ ಮನೆಯಲ್ಲಿ ರೇಷ್ಮೆಗೂಡು ತೂಗುವ ತಕ್ಕಡಿಯಿತ್ತು. ಅವ್ವ ಅವರ ತೋಟದಿಂದಲೇ ಹೊತ್ತು ತರುತ್ತಿದ್ದ ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ತೂಗಿದೆವು. ಮೂವತ್ತೆರಡು ಕೆ.ಜಿ. ಅದುವರೆಗೆ ಆ ಹೊರೆಯನ್ನು ಯಾರೂ ತೂಗಿರಲಿಲ್ಲ. ಹುಳುವಿನ ಮೊಟ್ಟೆಗೆ ಲೆಕ್ಕವಿತ್ತು. ರಾಮನಗರದ ಮಾರುಕಟ್ಟೆಯಲ್ಲಿ ಗೂಡಿಗೆ ತೂಕವಿತ್ತು, ದರವಿತ್ತು. ನಡುವೆ ಸೊಪ್ಪು ಹೊತ್ತ ತಲೆಗೆ ಮಾತ್ರ ಯಾವ ಪುಸ್ತಕದಲ್ಲೂ ಜಾಗವಿರಲಿಲ್ಲ.

ಕಾರ್ಡು ತೋರಿಸಿದಾಗ ಅವ್ವ ಸೆರಗಿನಲ್ಲಿ ಕೈಯೊರೆಸಿಕೊಂಡು ಅದನ್ನು ತೆಗೆದುಕೊಂಡಳು. “ನಂಗೂ ನಂಬರ್ರು ಹಾಕಿದೀಯೇನ್ಲಾ?” ಎಂದು ಕೇಳಿದಳು. “ಏಳನೇ ನಂಬರ್ರು ಕಣವ್ವ” ಎಂದೆ. ಅವಳು ನಕ್ಕಳು. ಸರ್ಕಾರದ ಕಾಗದಗಳಲ್ಲಿ ಅವಳಿಗೆ ಸಂಖ್ಯೆಗಳಿಲ್ಲದೆ ಇಲ್ಲ. ಪಡಿತರ ಚೀಟಿಗೊಂದು, ಆಧಾರಕ್ಕೊಂದು, ಬ್ಯಾಂಕಿನ ಪುಸ್ತಕಕ್ಕೊಂದು. ಎಲ್ಲಕ್ಕೂ ಅವಳ ಹೆಬ್ಬೆಟ್ಟೇ ಸಾಕ್ಷಿ. ಆ ಸಂಖ್ಯೆಗಳೆಲ್ಲ ಅವಳನ್ನು ಗುರುತಿಸುವುದಕ್ಕೆ. ಮೆಚ್ಚುವುದಕ್ಕೆಂದು ಅವಳ ಮೇಲೆ ಬಿದ್ದ ಮೊದಲ ಸಂಖ್ಯೆ ನಮ್ಮ ಕಾರ್ಡಿನದು.

ಇನ್ನು ಆಟ. ಒಬ್ಬನು ಒಂದು ಕಲಮನ್ನು ಹೇಳಬೇಕು. ಯಾರ ಕಾರ್ಡಿನಲ್ಲಿ ಅದು ಮಿಗಿಲೋ ಅವನು ಎದುರಾಳಿಯ ಕಾರ್ಡನ್ನು ಗೆದ್ದುಕೊಳ್ಳಬೇಕು. ಒಂದು ಸಂಜೆ ಅವನ ಕೈಯಲ್ಲಿ ಅಜ್ಜಿ, ನನ್ನ ಕೈಯಲ್ಲಿ ಅವ್ವ. “ಏಳುವ ಹೊತ್ತು” ಎಂದೆ. ಅಜ್ಜಿಗೆ ಐದು ಗಂಟೆ, ಅವ್ವನಿಗೆ ನಾಲ್ಕು. “ನಿಮ್ಮಜ್ಜಿ ಸೋತ್ರು!” ಎಂದು ಕೂಗಿದೆ. ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ಕುಳಿತಿದ್ದ ಅಜ್ಜಿ, “ಯಾರಿಗ್ಲಾ ಸೋತೆ ನಾನು? ತತ್ತಾ ಇಲ್ಲಿ” ಎಂದು ಕೈ ಚಾಚಿದರು. ಮೆಟ್ಟಿಲ ಮೇಲೆ ನಿಂತು ಕಾರ್ಡು ಕೊಟ್ಟೆ. ನನ್ನ ಕೈಯಿಂದಲೇ ತೆಗೆದುಕೊಂಡರು. ಮೊಮ್ಮಗನಿಂದ ಓದಿಸಿ ಕೇಳಿದರು. ನಾಲ್ಕು ಗಂಟೆ, ಮೂವತ್ತೆರಡು ಕೆ.ಜಿ. ಸ್ವಲ್ಪ ಹೊತ್ತು ಸುಮ್ಮನಿದ್ದು, “ದಿಟವೇ ಕಣ್ಲಾ, ಅವಳು ಗೆಯ್ಯೋದು ಹೆಚ್ಚೇಯ” ಎಂದು ಕಾರ್ಡನ್ನು ನನ್ನ ಕೈಯಲ್ಲಿಟ್ಟರು.

ರಟ್ಟಿನ ಚೂರಿನಿಂದ ಜಾತಿ ಅಳಿಯಿತೆಂದು ಬರೆದರೆ ಲೇಖನಕ್ಕೆ ಸೊಗಸಾದೀತು. ಆದರೆ ಅದು ಸುಳ್ಳಾಗುತ್ತದೆ. ಮರುದಿನ ನೀರು ಎಂದಿನಂತೆ ಎತ್ತರದಿಂದಲೇ ಬಂತು. ಆದರೂ ಅಜ್ಜಿ ತಾವಾಗಿಯೇ ಆಡಿದ ಆ ಮಾತನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಆ ಹುಡುಗ ಈಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ರಜೆಗೆ ಬಂದರೆ ನಮ್ಮ ಮನೆಯಲ್ಲೇ ಕಾಫಿ ಕುಡಿಯುತ್ತಾನೆ. ಇದಕ್ಕೆ ಕಾರ್ಡುಗಳೇ ಕಾರಣವೆಂದು ನಾನು ವಾದಿಸುವುದಿಲ್ಲ. ಕಾರ್ಡುಗಳಿಲ್ಲದೆಯೇ ಆಗುತ್ತಿತ್ತೆಂದು ಯಾರಾದರೂ ವಾದಿಸಿದರೆ ಒಪ್ಪುವುದೂ ಇಲ್ಲ.

ಈ ಹವ್ಯಾಸಕ್ಕೆ ಹಣದ ಮುಖವೊಂದುಂಟು. ಟಾಪ್ಸ್ ಕಂಪನಿ ೧೯೫೨ರಲ್ಲಿ ಬೇಸ್‌ಬಾಲ್ ಆಟಗಾರರ ೪೦೭ ಕಾರ್ಡುಗಳ ಸೆಟ್ಟೊಂದನ್ನು ಹೊರಡಿಸಿತ್ತು. ಕೊನೆಯ ಕಂತಿನ ಕಾರ್ಡುಗಳು ಮಾರಾಟವಾಗದೆ ಉಳಿದವು. ೧೯೬೦ರಲ್ಲಿ ಅವನ್ನು ದೋಣಿಗೆ ತುಂಬಿ ಅಟ್ಲಾಂಟಿಕ್ ಸಾಗರಕ್ಕೆ ಸುರಿದುಬಿಟ್ಟರು. ಆ ಕಂತಿಗೆ ಸೇರಿದ ೩೧೧ನೆಯ ಸಂಖ್ಯೆ, ಮಿಕಿ ಮ್ಯಾಂಟಲ್ ಎಂಬ ಆಟಗಾರನದು. ಸಮುದ್ರಪಾಲಾಗದೆ ಉಳಿದ ಅದರ ಒಂದು ಪ್ರತಿ ೨೦೨೨ರ ಆಗಸ್ಟಿನಲ್ಲಿ ಹರಾಜಾದದ್ದು ೧ ಕೋಟಿ ೨೬ ಲಕ್ಷ ಡಾಲರಿಗೆ! ಇದನ್ನು ಓದಿದ ಮೇಲೆ ಕಾರ್ಡನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕೆನ್ನಿಸುವುದು ಸಹಜ. ಆದರೆ ಬೀಗದೊಳಗಿನ ಕಾರ್ಡು ಕೈ ಬದಲಾಯಿಸುವುದಿಲ್ಲ; ಅದರ ಜೊತೆ ಆಡುವವರಿಲ್ಲ. ಅಂಥ ಒಡೆಯನಿಗೆ ಕಾವಲಿನ ಚಿಂತೆ ಉಂಟು, ಡಬಲ್ಲಿನ ಸುಖವಿಲ್ಲ.

ಕಾರ್ಡು ಕೂಡಿಡುವ ಕಾಲದಲ್ಲಿ “ಇದ್ರಿಂದ ಏನ್ಲಾ ಉಪಯೋಗ?” ಎಂದು ಅಪ್ಪ ಕೇಳುತ್ತಿದ್ದ. ಈಗ ಅದೇ ಪ್ರಶ್ನೆಯನ್ನು ಊರಿನವರು ನನ್ನ ಬಿ.ಎ.ಯ ಬಗ್ಗೆ ಕೇಳುತ್ತಾರೆ. ನಮ್ಮ ವಂಶದಲ್ಲಿ ಪದವಿಯ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಎರಡು ಪ್ರಶ್ನೆಗಳಿಗೂ ನನ್ನಲ್ಲಿರುವುದು ಒಂದೇ ಉತ್ತರ. ಅಕ್ಷರ ನನ್ನಲ್ಲೀಗ ಡಬಲ್ಲು ಇದೆ. ಬ್ಯಾಂಕಿನ ಚಲನ್ನು, ಪಿಂಚಣಿಯ ಅರ್ಜಿ, ಆಸ್ಪತ್ರೆಯ ಚೀಟಿ ಹಿಡಿದುಕೊಂಡು ಕೇರಿಯವರು ಸಂಜೆ ನಮ್ಮ ಮನೆಗೆ ಬರುತ್ತಾರೆ. ಹೆಚ್ಚಾದದ್ದನ್ನು ಹಂಚದೆ ಇಟ್ಟುಕೊಂಡು ಮಾಡುವುದೇನು?

ನಮ್ಮೂರ ಸೆಟ್ಟು ಈಗಲೂ ಬಿಸ್ಕತ್ತಿನ ಡಬ್ಬಿಯಲ್ಲಿದೆ. ಆರನೆಯ ತರಗತಿಯ ನನ್ನ ತಂಗಿ ಮೊನ್ನೆ ಅದನ್ನು ತೆಗೆದು ನೋಡಿ, “ಅಣ್ಣಾ, ನಿಂದೇ ಇಲ್ವಲ್ಲ” ಎಂದು ಇಪ್ಪತ್ತೊಂದನೆಯ ಕಾರ್ಡನ್ನು ತಾನೇ ಬರೆದಳು. ಬೆಳಗ್ಗೆ ಏಳುವ ಹೊತ್ತು: ಏಳೂವರೆ. ಹೊರುವ ಭಾರ: ಪುಸ್ತಕದ ಚೀಲ, ಮೂರು ಕೆ.ಜಿ. ಓದಿದ ವರ್ಷ: ೧೫. ಅವ್ವನ ಕಾರ್ಡಿನಲ್ಲಿ ಆ ಕಲಮಿನ ಮುಂದೆ ೦ ಎಂದಿದೆ. ಇಬ್ಬರ ಕಾರ್ಡನ್ನೂ ಪಕ್ಕದಲ್ಲಿಟ್ಟು ತಂಗಿ ಆಡಿ ನೋಡಿದಳು. ಆ ಒಂದು ಕಲಮಿನಲ್ಲಿ ಗೆದ್ದೆ. ಉಳಿದ ಮೂರರಲ್ಲೂ ಅವ್ವನೇ ಗೆದ್ದಳು.